ಹತಾರವನ್ನು ಆರಿಸುವವರು, ಹತಾರವನ್ನು ಹಿಡಿಯುವವರು

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೆಲಸ ಕೆಟ್ಟಾಗ ಕೆಲಸಗಾರನನ್ನು ಹಳಿಯುವುದಕ್ಕೆ ಇದಕ್ಕಿಂತ ಸುಲಭವಾದ ಮಾತು ಇನ್ನೊಂದಿಲ್ಲ. ಆದರೆ ನೆಲವು ನಿಜವಾಗಿಯೂ ಡೊಂಕಾಗಿರುವ ಸಂದರ್ಭಗಳು ಉಂಟೆಂಬುದನ್ನು ಈ ಗಾದೆಯನ್ನು ಆಡುವವರು ಮರೆಯುತ್ತಾರೆ. ಬೆಂಗಳೂರಿನ ಉತ್ತರ ಭಾಗದಲ್ಲಿ, ಯಶವಂತಪುರದಿಂದ ಪೀಣ್ಯದವರೆಗೂ ಹೆಬ್ಬಾಳದಿಂದ ಯಲಹಂಕದವರೆಗೂ ಆರ್.ಟಿ. ನಗರದ ಒಳಬೀದಿಗಳಲ್ಲಿಯೂ ತಗಡಿನ ಚಾವಣಿಯ ಕೆಳಗೆ ಗೇಟು, ಕಿಟಕಿಯ ಸರಳು, ಮೆಟ್ಟಿಲು, ತೊಲೆ, ಯಂತ್ರಗಳ ಚೌಕಟ್ಟು ಮುಂತಾದುವನ್ನು ಮಾಡುವ ಸಣ್ಣ ಕಾರ್ಖಾನೆಗಳು ಎಷ್ಟೋ ಇವೆ. ಅಲ್ಲಿ ಬೆಸುಗೆ ಬಿಟ್ಟುಹೋದರೆ, ಚೌಕಟ್ಟು ಓರೆಯಾದರೆ, ಕೆಲಸಗಾರನ ಕಣ್ಣಿಗೆ ಚೂರು ಬಡಿದರೆ, ತಪ್ಪು ಅವನ ಕೈಯದೆಂದೇ ತೀರ್ಮಾನವಾಗುತ್ತದೆ. ಆ ಕೈಗೆ ಹತಾರವನ್ನು ಕೊಟ್ಟವರು ಯಾರು, ಅದನ್ನು ಯಾವ ಪರೀಕ್ಷೆಯ ಮೇಲೆ ಕೊಂಡರು ಎಂದು ಕೇಳುವವರು ವಿರಳ.

ಈ ವಿಷಯದಲ್ಲಿ ನಾವು ಹೇಳಬೇಕಾದುದು ಒಂದೇ ಮಾತು. ಹತಾರವನ್ನು ಆರಿಸುವವನು ಒಬ್ಬ, ಹಿಡಿಯುವವನು ಮತ್ತೊಬ್ಬ. ಆದುದರಿಂದ ಆರಿಸುವವನ ಹೊಣೆ ಇಮ್ಮಡಿಯಾದುದು. ಆ ಹೊಣೆಯನ್ನು ಬೆಲೆಯ ಚೀಟಿಯನ್ನಾಗಲಿ ಪೆಟ್ಟಿಗೆಯ ಮೇಲಿನ ಚಿತ್ರವನ್ನಾಗಲಿ ನೋಡಿ ತೀರಿಸಲು ಬರುವುದಿಲ್ಲ. ಪರೀಕ್ಷೆ ಮಾಡಿಯೇ ತೀರಿಸಬೇಕು.

ಈ ಮಾತನ್ನು ಬೆಂಗಳೂರಿನ ಈ ಭಾಗದಲ್ಲಿ ಹೇಳಬೇಕಾಗಿ ಬಂದಿರುವುದೇ ಒಂದು ವಿಚಿತ್ರ. ಯಂತ್ರಗಳನ್ನು ಮಾಡುವ ಯಂತ್ರಗಳು ನಮ್ಮ ದೇಶದಲ್ಲಿಯೇ ಆಗಬೇಕೆಂಬ ಸಂಕಲ್ಪದಿಂದ ೧೯೫೩ರಲ್ಲಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಕಾರದಿಂದ ಹುಟ್ಟಿದುದು ಇಲ್ಲಿಯ ಜಾಲಹಳ್ಳಿಯಲ್ಲಿ. ಮರುವರ್ಷವೇ ಅದರ ನೆರೆಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಲೆಯೆತ್ತಿತು. ಯಂತ್ರೋಪಕರಣಗಳ ವಿನ್ಯಾಸಕ್ಕೂ ಪರೀಕ್ಷೆಗೂ ಮೀಸಲಾದ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಚೆಕೊಸ್ಲೊವಾಕಿಯ ದೇಶದ ನೆರವಿನಿಂದ ೧೯೬೨ರಲ್ಲಿ ಯಶವಂತಪುರದ ತುಮಕೂರು ರಸ್ತೆಯಲ್ಲಿ ಸ್ಥಾಪಿತವಾಯಿತು, ಸಿ.ಎಂ.ಟಿ.ಐ. ಎಂದು ಅದನ್ನು ಎಲ್ಲರೂ ಬಲ್ಲರು. ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ೧೯೭೨ರಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ರಾಜಾಜಿನಗರದಲ್ಲಿ ಆರಂಭವಾಯಿತು. ಆ ದಶಕದಲ್ಲಿಯೇ ಪೀಣ್ಯದ ಕೈಗಾರಿಕಾ ಪ್ರದೇಶವೂ ಬೆಳೆಯಿತು. ೧೯೮೪ರಲ್ಲಿ ಯಲಹಂಕದಲ್ಲಿ ರೈಲಿನ ಗಾಲಿ ಮತ್ತು ಅಚ್ಚುಗಳ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ಅಲ್ಲಿ ಎರಕವಾಗಿ ಬಂದ ಗಾಲಿಯನ್ನು ಕಣ್ಣಿಗೆ ಚೆನ್ನಾಗಿ ಕಾಣುತ್ತದೆಂದು ಯಾರೂ ಒಪ್ಪಿಕೊಳ್ಳುವುದಿಲ್ಲ. ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಅದರೊಳಕ್ಕೆ ಹಾಯಿಸಿ, ಒಡಲಿನಲ್ಲಿ ಬಿರುಕಿಲ್ಲವೆಂದು ತಿಳಿದ ಮೇಲೆಯೇ ಅದು ಹಳಿಯ ಮೇಲೆ ಏರತಕ್ಕುದು. ಇಂಥ ಪರೀಕ್ಷೆಯ ವಿದ್ಯೆ ನೆಲೆಸಿರುವ ಊರಿನಲ್ಲಿ, ಅದೇ ಹಳಿಯ ಪಕ್ಕದ ಓಣಿಯ ಕಾರ್ಖಾನೆಯವನು ತನ್ನ ಯಂತ್ರವನ್ನು ಬೆಲೆ ಕೇಳಿ, ಸಾಲದ ವಾಯಿದೆ ಕೇಳಿ ಕೊಂಡುಬಿಡುತ್ತಾನೆ.

ಪರೀಕ್ಷಿಸಿ ಕೊಳ್ಳುವುದು ನಮ್ಮ ಜನಕ್ಕೆ ಹೊಸದೂ ಅಲ್ಲ. ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ತಟ್ಟಿ ನಾದವನ್ನು ಕೇಳದೆ ಕಾಸು ಬಿಚ್ಚುವುದಿಲ್ಲ. ಸಾಣೆಯ ಯಂತ್ರಕ್ಕೆ ಹಾಕುವ ದಪ್ಪನಾದ ಕಲ್ಲಿನ ಚಕ್ರಕ್ಕೂ ಇಂದಿನ ಎಂಜಿನಿಯರುಗಳು ವಿಧಿಸಿರುವ ಪರೀಕ್ಷೆ ಇದೇ: ಚಕ್ರವನ್ನು ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ, ಗಟ್ಟಿಯಾದುದು ಗಂಟೆಯಂತೆ ನುಡಿಯುತ್ತದೆ, ಬಿರುಕುಬಿಟ್ಟುದು ಬೊದ್ದೆನ್ನುತ್ತದೆ. ಮೂರು ಕಾಸಿನ ಮಡಕೆಗೆ ಸಲ್ಲುವ ಮರ್ಯಾದೆ ಮೂರು ಸಾವಿರ ರೂಪಾಯಿನ ಯಂತ್ರಕ್ಕೆ ಸಲ್ಲದಿರುವುದೇ ನಮ್ಮ ದೂರು.

ಮೊದಲು ಗ್ರೈಂಡರನ್ನೇ ತೆಗೆದುಕೊಳ್ಳೋಣ. ಕೈಯಲ್ಲಿ ಹಿಡಿದು ಕಬ್ಬಿಣವನ್ನು ಉಜ್ಜುವ ನಾಲ್ಕು ಅಂಗುಲದ ಗ್ರೈಂಡರು ಸಾಮಾನ್ಯವಾಗಿ ನಿಮಿಷಕ್ಕೆ ೧೧,೦೦೦ ಸುತ್ತು ಸುತ್ತುತ್ತದೆ. ಎಂದರೆ ೧೦೦ ಮಿಲಿಮೀಟರ್ ವ್ಯಾಸದ ವೀಲಿನ ಅಂಚು ಸೆಕೆಂಡಿಗೆ ಸುಮಾರು ೫೮ ಮೀಟರ್, ಗಂಟೆಗೆ ೨೦೦ ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಕೆಲಸಗಾರನ ಮುಖದ ಮುಂದೆ ಓಡುತ್ತಿರುತ್ತದೆ. ಇಂಥ ವೀಲುಗಳ ಮೇಲೆ ಅವು ತಡೆಯಬಲ್ಲ ಮೇರೆಯನ್ನು ಅಚ್ಚುಮಾಡಿರುತ್ತಾರೆ. ಬಹುಮಟ್ಟಿಗೆ ಅದು ಸೆಕೆಂಡಿಗೆ ೮೦ ಮೀಟರು. ಯಂತ್ರದ ಕಾವಲನ್ನು ಕಳಚಿ, ಅದಕ್ಕೆ ಏಳು ಅಂಗುಲದ ವೀಲನ್ನು ಹೇಗೋ ಸಿಕ್ಕಿಸಿ ಕೆಲಸ ಮಾಡುವವರುಂಟು. ಆಗ ಅಂಚಿನ ವೇಗವು ಸೆಕೆಂಡಿಗೆ ೧೦೩ ಮೀಟರನ್ನು ದಾಟುತ್ತದೆ. ವೀಲನ್ನು ಹರಿಯಲೆಳೆಯುವ ಬಲವು ವೇಗದ ವರ್ಗದಂತೆ ಏರುವುದರಿಂದ, ಮೇರೆಯಲ್ಲಿದ್ದುದಕ್ಕಿಂತ ಒಂದೂ ಮುಕ್ಕಾಲರಷ್ಟಕ್ಕೆ ಸಮೀಪವಾಗುತ್ತದೆ. ವೀಲು ಸಿಡಿದರೆ ಅದು ಅಪಘಾತವಲ್ಲ, ಗಣಿತ. ಹಾಗೆಯೇ ರಾಳದಿಂದ ಕೂಡಿಸಿದ ಈ ವೀಲುಗಳಿಗೆ ಆಯುಸ್ಸಿನ ಮಿತಿಯುಂಟೆಂಬುದೂ, ನಡುವಿನ ಲೋಹದ ಬಳೆಯ ಮೇಲೆ ತಿಂಗಳು ವರ್ಷಗಳನ್ನು ಒತ್ತಿರುತ್ತಾರೆಂಬುದೂ ಅನೇಕರಿಗೆ ಗೊತ್ತಿಲ್ಲ. ತೇವದಲ್ಲಿ ಮಲಗಿದ್ದ ಹಳೆಯ ವೀಲುಗಳು ಅಗ್ಗವಾಗಿ ದೊರೆಯುವುದಕ್ಕೆ ಕಾರಣವನ್ನು ಆ ಬಳೆಯೇ ಹೇಳುತ್ತದೆ. ಆದುದರಿಂದ ಗ್ರೈಂಡರನ್ನು ಕೊಳ್ಳುವವರು ಕಾವಲು ಭದ್ರವಾಗಿದೆಯೇ, ಗುಂಡಿಯಿಂದ ಬೆರಳು ತೆಗೆದೊಡನೆ ಯಂತ್ರಕ್ಕೆ ವಿದ್ಯುತ್ತು ನಿಲ್ಲುವುದೇ, ಕಾರ್ಬನ್ ಬ್ರಷ್ಷನ್ನು ಹೊರಗಿನಿಂದಲೇ ಬದಲಿಸಬಹುದೇ ಎಂಬ ಮೂರನ್ನು ಅಂಗಡಿಯಲ್ಲಿಯೇ ನೋಡಿಕೊಳ್ಳತಕ್ಕುದು.

ಇನ್ನು ಬೆಸುಗೆಯ ಯಂತ್ರ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ೨೦೦ ಆಂಪಿಯರ್ ಎಂದಿರುವುದನ್ನು ಕಂಡು ಕೊಳ್ಳುವವರು ಹಿಗ್ಗುತ್ತಾರೆ. ಆ ೨೦೦ ಆಂಪಿಯರನ್ನು ಅದು ಎಷ್ಟು ಹೊತ್ತು ಕೊಡಬಲ್ಲದೆಂಬುದು ಹಿಂಭಾಗದ ಫಲಕದಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಶೇಕಡ ೬೦ ಎಂದಿದ್ದರೆ, ಹತ್ತು ನಿಮಿಷಗಳಲ್ಲಿ ಆರು ನಿಮಿಷ ಬೆಸುಗೆ, ನಾಲ್ಕು ನಿಮಿಷ ವಿರಾಮವೆಂದು ಅರ್ಥ. ಶೇಕಡ ೨೦ ಎಂದಿದ್ದರೆ ಎರಡೇ ನಿಮಿಷದ ಕೆಲಸ. ಈ ಲೆಕ್ಕವನ್ನು ಎಷ್ಟು ಉಷ್ಣತೆಯಲ್ಲಿ ಕಟ್ಟಿದ್ದಾರೆಂಬುದೂ ಮುಖ್ಯ. ಅಂತರರಾಷ್ಟ್ರೀಯ ನಿಯಮದಲ್ಲಿ ಅದು ೪೦ ಡಿಗ್ರಿ. ತಂಪಾದ ಕೋಣೆಯಲ್ಲಿ ಅಳೆದ ಅಂಕಿಯು ವೈಶಾಖದ ಬಿಸಿಲಿನಲ್ಲಿ ನಮ್ಮ ತಗಡಿನ ಚಾವಣಿಯ ಕೆಳಗೆ ನಿಲ್ಲುವುದಿಲ್ಲ. ೩.೧೫ ಮಿಲಿಮೀಟರಿನ ಸಾಮಾನ್ಯ ರಾಡಿಗೆ ೧೦೦ರಿಂದ ೧೩೦ ಆಂಪಿಯರ್ ಸಾಕು. ಆದ್ದರಿಂದ ಅಷ್ಟನ್ನು ದಿನವಿಡೀ ಬಳಲದೆ ಕೊಡುವ ಯಂತ್ರವು, ಹೆಸರಿಗೆ ೨೦೦ನ್ನು ಹೊತ್ತು ಗಳಿಗೆಗೊಮ್ಮೆ ಮುನಿಯುವ ಯಂತ್ರಕ್ಕಿಂತ ಮೇಲು. ಪರೀಕ್ಷೆಯೂ ಕಷ್ಟವಲ್ಲ. ಮಾರುವವನ ಮುಂದೆಯೇ ಹತ್ತು ರಾಡುಗಳನ್ನು ಒಂದರ ಹಿಂದೊಂದು ಉರಿಸಿ ನೋಡಲಿ. ಬಳಿಕ ಎರಡು ಪಟ್ಟಿಗಳನ್ನು ಒಂದೇ ಬದಿಗೆ ಬೆಸೆದು, ವೈಸಿನಲ್ಲಿ ಹಿಡಿದು, ಸುತ್ತಿಗೆಯಿಂದ ಬಾಗಿಸಿ ಮುರಿದು ಒಳಗನ್ನು ನೋಡಲಿ. ಬೆಸುಗೆಯು ಬುಡದವರೆಗೆ ಇಳಿದಿದೆಯೋ, ಮೇಲೆ ಮಾತ್ರ ಹೊಳೆಯುತ್ತಿದೆಯೋ ಎಂಬುದು ಆಗ ಎಂಥವನ ಕಣ್ಣಿಗೂ ಬೀಳುತ್ತದೆ. ರಾಡುಗಳ ಕಟ್ಟಿನ ಮೇಲೆ ಐ.ಎಸ್. ೮೧೪ ಎಂಬ ಗುರುತನ್ನು ನೋಡತಕ್ಕುದು; ಮಳೆಗಾಲದಲ್ಲಿ ತೇವ ಹಿಡಿದ ರಾಡು ಎಂಥ ಯಂತ್ರವನ್ನಾದರೂ ಸುಳ್ಳಾಗಿಸುತ್ತದೆ. ಮುಖಕ್ಕೆ ಹಿಡಿಯುವ ಕಪ್ಪು ಗಾಜಿನದೂ ಹತಾರಗಳಲ್ಲಿಯೇ ಲೆಕ್ಕ. ಈ ಕೆಲಸಕ್ಕೆ ೧೦ ಅಥವಾ ೧೧ನೆಯ ಸಂಖ್ಯೆಯ ಗಾಜು ಬೇಕು. ಬೀದಿಯ ತಂಪು ಕನ್ನಡಕವನ್ನು ಹಾಕಿಕೊಂಡು ಬೆಸೆಯುವ ಹುಡುಗರನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ. ರಾತ್ರಿಯೆಲ್ಲ ಕಣ್ಣಿನಲ್ಲಿ ಮರಳು ಸುರಿದಂತಾಯಿತೆಂದು ಅವರು ಹೇಳಿದರೆ, ಕಸುಬು ಕಲಿಯುವಾಗ ಹಾಗೆಯೇ ಎಂದು ಮಾಲೀಕರು ಸಮಾಧಾನ ಹೇಳುತ್ತಾರೆ. ಇದು ಕಸುಬಿನ ಧರ್ಮವಲ್ಲ; ಒಂದು ಗಾಜಿನ ಬೆಲೆಯ ಉಳಿತಾಯ.

ಅಳೆಯುವ ಸಾಮಾನುಗಳಲ್ಲಿ ಜಿಪುಣತನ ಮಾಡುವವರು ಉಳಿದೆಲ್ಲ ಖರ್ಚನ್ನೂ ನೀರಿಗೆ ಹಾಕಿದಂತೆಯೇ. ಮೂಲೆಮಟ್ಟವು ಅರ್ಧ ಡಿಗ್ರಿ ತಪ್ಪಿದರೆ ಎರಡು ಮೀಟರ್ ಎತ್ತರದ ಗೇಟು ತುದಿಯಲ್ಲಿ ೧೭ ಮಿಲಿಮೀಟರಿನಷ್ಟು ವಾಲುತ್ತದೆ. ಆಮೇಲೆ ತಿಜಾಗರವನ್ನು ಬಡಿದು ಫಲವಿಲ್ಲ. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ನೇರ ಅಂಚಿನ ಹಲಗೆಯ ಮೇಲೆ ಮೂಲೆಮಟ್ಟವನ್ನಿಟ್ಟು ಗೆರೆಯೊಂದನ್ನು ಎಳೆದು, ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆಯನ್ನೆಳೆಯಬೇಕು. ಎರಡೂ ಒಂದಾದರೆ ಸಾಮಾನು ಸಾಚಾ. ಬೇರೆಯಾದರೆ, ಕಂಡ ಅಂತರದ ಅರ್ಧವೇ ಅದರ ತಪ್ಪು. ರಸಮಟ್ಟವನ್ನೂ ಹಾಗೆಯೇ ತಿರುಗುಮುರುಗಾಗಿ ಇಟ್ಟು ನೋಡಬಹುದು. ಗುಳ್ಳೆಯು ಎರಡು ಸಲವೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಎರಡು ನಿಮಿಷಗಳ ಈ ಕೆಲಸಕ್ಕೆ ಯಾವ ಅಂಗಡಿಯವನೂ ಬೇಡವೆನ್ನಲಾರನು. ಬೇಡವೆಂದರೆ ಅದೇ ಉತ್ತರ.

ಬಂಡವಾಳ ಸಾಲದವರು ಹಳೆಯ ಯಂತ್ರಗಳನ್ನು ಕೊಳ್ಳುವುದುಂಟು, ಅದರಲ್ಲಿ ಅವಮಾನವೇನೂ ಇಲ್ಲ. ೧೯೪೧ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಮುಚ್ಚಿ ಎಷ್ಟೋ ಕಾಲವಾಯಿತು; ಅದು ಎರಕಹೊಯ್ದ ಲೇತುಗಳು ಇಂದಿಗೂ ನಮ್ಮ ಓಣಿಗಳಲ್ಲಿ ದುಡಿಯುತ್ತಿವೆ. ಜಾಲಹಳ್ಳಿಯ ಹಳೆಯ ಲೇತುಗಳೂ ಹಾಗೆಯೇ. ಒಳ್ಳೆಯ ಎರಕದ ಮುದಿ ಯಂತ್ರವು ಕೆಟ್ಟ ಎರಕದ ಹೊಸ ಯಂತ್ರಕ್ಕಿಂತ ಎಷ್ಟೋ ವಾಸಿ. ಆದರೆ ಹೊಸ ಬಣ್ಣವನ್ನು ನಂಬಬಾರದು. ಯಂತ್ರೋಪಕರಣಗಳನ್ನು ಒಪ್ಪಿಕೊಳ್ಳುವ ಮುಂಚೆ ಯಾವ ಭಾಗವನ್ನು ಹೇಗೆ ಅಳೆಯಬೇಕೆಂದು ಜರ್ಮನಿಯ ಗೇಯಾರ್ಗ್ ಶ್ಲೆಸಿಂಗರ್ ಎಂಬ ಪಂಡಿತನು ೧೯೨೭ರಲ್ಲಿಯೇ ಪುಸ್ತಕವನ್ನು ಬರೆದನು. ಇಂದಿನ ಪರೀಕ್ಷೆಗಳಿಗೆ ಅದೇ ತಳಹದಿ. ಅದನ್ನು ಓದದವರೂ ಮಾಡಬಹುದಾದ ಕೆಲಸವೆಂದರೆ, ಚಕ್ಕಿನಲ್ಲಿ ಗೇಣುದ್ದದ ದಪ್ಪ ಸರಳೊಂದನ್ನು ಹಿಡಿದು ತೆಳುವಾಗಿ ತೋಪಡಿಸಿ, ಎರಡು ತುದಿಗಳ ವ್ಯಾಸವನ್ನೂ ಮೈಕ್ರೋಮೀಟರಿನಲ್ಲಿ ಅಳೆಯುವುದು. ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲಿನ ಒಳಗೆ ವ್ಯತ್ಯಾಸವಿದ್ದರೆ ಸಾಮಾನ್ಯ ಕೆಲಸಕ್ಕೆ ಚಿಂತೆಯಿಲ್ಲ. ಲೇತಿನ ಹಾಸು ಸವೆಯುವುದು ಹೆಚ್ಚಾಗಿ ಚಕ್ಕಿನ ಬಳಿಯಲ್ಲಿ, ಏಕೆಂದರೆ ಕೆಲಸವೆಲ್ಲ ನಡೆಯುವುದು ಅಲ್ಲಿಯೇ. ಅಲ್ಲಿ ಸಡಿಲವಾಗಿ ಜಾರುವ ಕ್ಯಾರೇಜು ಇನ್ನೊಂದು ತುದಿಗೆ ತಳ್ಳಿದಾಗ ಬಿಗಿಯಾದರೆ, ಬಣ್ಣದ ಕೆಳಗಿನ ವಯಸ್ಸು ಬಯಲಾಯಿತೆಂದೇ ತಿಳಿಯಬೇಕು.

ಇಲ್ಲಿ ಸ್ವದೇಶಿಯ ಪ್ರಶ್ನೆಯನ್ನು ಎತ್ತುವವರು ಇದ್ದೇ ಇರುತ್ತಾರೆ. ದೇಶದ ಸಾಮಾನನ್ನು ದೇಶದವರು ಕೊಳ್ಳಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಸ್ವದೇಶಿಯೆಂಬ ಹೆಸರು ಗುಣಕ್ಕೆ ಬದಲಾಗಿ ಕೊಡತಕ್ಕ ನಾಣ್ಯವಲ್ಲ. ಜಾಲಹಳ್ಳಿಯ ಲೇತು ಹೆಸರು ಗಳಿಸಿದುದು ಅದು ನಮ್ಮದೆಂಬ ಕಾರಣದಿಂದಲ್ಲ; ಅಳೆದು ನೋಡಿದಾಗ ಅಳತೆಗೆ ನಿಂತಿತೆಂಬ ಕಾರಣದಿಂದ. ಸ್ವತಂತ್ರ ಭಾರತವು ಕಣ್ಣು ತೆರೆದ ೧೯೪೭ರಲ್ಲಿಯೇ ಭಾರತೀಯ ಮಾನಕ ಸಂಸ್ಥೆಯೂ ಹುಟ್ಟಿತೆಂಬುದನ್ನು ನಮ್ಮ ಸ್ವದೇಶಾಭಿಮಾನಿಗಳು ಮರೆಯಬಾರದು. ಅದರ ಮುದ್ರೆಗೆ ೧೯೫೨ರಲ್ಲಿ ಕಾನೂನಿನ ಬಲ ಬಂದಿತು. ಇಂದು ಅದರ ಕೆಲಸವನ್ನು ಭಾರತೀಯ ಮಾನಕ ಬ್ಯೂರೋ ನಡೆಸುತ್ತಿದೆ. ಐ.ಎಸ್.ಐ. ಮುದ್ರೆಯ ಮೇಲೆ ಮಾನಕದ ಸಂಖ್ಯೆಯೂ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿಯ ಸಂಖ್ಯೆಯೂ ಇರಬೇಕು. ಮುದ್ರೆಯನ್ನೇ ಕದಿಯುವ ಕಾಲ ಇದು; ಆದುದರಿಂದ ಆ ಸಂಖ್ಯೆಯನ್ನು ಬ್ಯೂರೋದ ಮೊಬೈಲ್ ಆ್ಯಪಿನಲ್ಲಿ ಹಾಕಿ, ಅದು ಯಾರಿಗೆ ಯಾವ ಸರಕಿಗೆ ಕೊಟ್ಟುದೆಂದು ನೋಡಿಕೊಳ್ಳುವ ಅನುಕೂಲವಿದೆ. ಅಂಗಡಿಯಲ್ಲಿ ನಿಂತುಕೊಂಡೇ ಇದನ್ನು ಮಾಡಬಹುದು.

ಮುದ್ರೆಗಿಂತಲೂ ಹಳೆಯ ಸಾಕ್ಷಿಯೊಬ್ಬನಿದ್ದಾನೆ, ಅವನು ರಿಪೇರಿಯವನು. ಯಂತ್ರವನ್ನು ಕೊಳ್ಳುವ ಮುಂಚೆ ಅವನ ಅಂಗಡಿಗೆ ಹೋಗಿ, ಯಾವ ಯಂತ್ರಗಳು ನಿನ್ನಲ್ಲಿಗೆ ಹೆಚ್ಚಾಗಿ ಬರುತ್ತವೆ ಎಂದು ಕೇಳಿದರೆ ಸಾಲದು. ಹೆಚ್ಚು ಮಾರಾಟವಾಗುವುವೇ ಹೆಚ್ಚಾಗಿ ಬರುತ್ತವೆ. ಯಾವುವು ರಿಪೇರಿಯಾಗಿ ಹಿಂದಿರುಗುತ್ತವೆ, ಯಾವುವು ಬಿಡಿಭಾಗವಿಲ್ಲದೆ ನಿನ್ನ ಮೂಲೆಯಲ್ಲಿ ಗುಜರಿಯಾಗಿ ಬಿದ್ದಿವೆ ಎಂದು ಕೇಳಬೇಕು. ಬೇರಿಂಗು, ಆರ್ಮೇಚರು, ಬ್ರಷ್ಷುಗಳು ಯಶವಂತಪುರದಲ್ಲಿಯೋ ಎಸ್.ಜೆ.ಪಿ. ರಸ್ತೆಯಲ್ಲಿಯೋ ಒಂದೇ ದಿನದಲ್ಲಿ ಸಿಕ್ಕುವಂಥ ಯಂತ್ರವು ಬೆಲೆಯಲ್ಲಿ ಸ್ವಲ್ಪ ಹೆಚ್ಚಾದರೂ ಕಡೆಗೆ ಅಗ್ಗವೇ. ಮೂವರು ಕೆಲಸಗಾರರು ಒಂದು ದಿನ ಕೈಕಟ್ಟಿ ಕುಳಿತರೆ ಅವರ ಕೂಲಿಯಲ್ಲಿಯೇ ಒಂದು ಒಳ್ಳೆಯ ಗ್ರೈಂಡರಿನ ಬೆಲೆ ಹೋಗಬಹುದು. ಅಗ್ಗವೆಂದು ಮುಗ್ಗಿದ ಜೋಳವನ್ನು ತಂದವನಿಗೆ ಹಣವೂ ಹೋಯಿತು, ಹಸಿವೂ ಉಳಿಯಿತು.

ಇಷ್ಟನ್ನು ಕೇಳಿ ಸಣ್ಣ ಮಾಲೀಕನು ಒಂದು ಮಾತನ್ನು ಹೇಳುತ್ತಾನೆ, ಅದು ತಳ್ಳಿಹಾಕತಕ್ಕುದಲ್ಲ. "ಸ್ವಾಮಿ, ಎಲ್ಲವನ್ನೂ ಉತ್ತಮವಾದುದನ್ನೇ ಕೊಳ್ಳಲು ನಮ್ಮಲ್ಲಿ ಹಣವೆಲ್ಲಿದೆ? ಬಾಡಿಗೆ, ಬಡ್ಡಿ, ಕೂಲಿ ತೀರಿಸಿದ ಮೇಲೆ ಉಳಿಯುವುದೆಷ್ಟು?" ಈ ಪ್ರಶ್ನೆಗೆ ನಮ್ಮ ಉತ್ತರವಿಷ್ಟು. ಎಲ್ಲವೂ ಉತ್ತಮವಾಗಿರಬೇಕಾಗಿಲ್ಲ, ಖರ್ಚಿಗೆ ಒಂದು ಕ್ರಮವಿರಬೇಕು. ಕೈಕೊಟ್ಟರೆ ಕೆಲಸಗಾರನ ಅಂಗಕ್ಕೆ ಊನ ತರುವಂಥವು ಮೊದಲು: ಗ್ರೈಂಡರಿನ ವೀಲು, ಗ್ಯಾಸಿನ ರೆಗ್ಯುಲೇಟರು ಮತ್ತು ಕೊಳವೆ, ವಿದ್ಯುತ್ತಿನ ತಂತಿ, ಕಣ್ಣಿನ ಗಾಜು. ಅಳೆಯುವಂಥವು ಎರಡನೆಯವು. ಬೆಸುಗೆಯ ಯಂತ್ರವು ಮೂರನೆಯದು. ಕೆಲಸದ ಮೇಜು, ಕಟ್ಟೆ, ಕಪಾಟು, ತಳ್ಳುಗಾಡಿಗಳನ್ನು ಅವನು ತಾನೇ ಮಾಡಿಕೊಳ್ಳಬಲ್ಲನು. ಅದೇ ಅಲ್ಲವೆ ಅವನ ಕಸುಬು? ಅಲ್ಲಿ ಎಷ್ಟು ಉಳಿಸಿದರೂ ನಷ್ಟವಿಲ್ಲ. ವರ್ಷಕ್ಕೆ ನಾಲ್ಕು ಬಾರಿ ಮಾತ್ರ ಬೇಕಾಗುವ ದೊಡ್ಡ ಯಂತ್ರಗಳನ್ನು ಹತ್ತು ಜನ ನೆರೆಯವರು ಕೂಡಿ ಕೊಳ್ಳಬಹುದು, ಇಲ್ಲವೆ ಆ ಕೆಲಸವನ್ನು ಹೊರಗೆ ಮಾಡಿಸಬಹುದು. ಬಿಡಿಯಾಗಿ ಹೋದವನ ಮಾತಿಗೆ ಬೆಲೆ ಕೊಡದ ವರ್ತಕರು ಒಂದು ಓಣಿಯವರೆಲ್ಲ ಕೂಡಿ ಹೋದರೆ ಯಂತ್ರವನ್ನು ಬಿಚ್ಚಿ ತೋರಿಸುತ್ತಾರೆ.

ಅಧಿಕಾರಿಗಳಿಗೂ ನಮ್ಮದೊಂದು ಬಿನ್ನಹವುಂಟು. ಸರ್ಕಾರದ ಕೈಗಾರಿಕಾ ತರಬೇತಿ ಸಂಸ್ಥೆಗಳಿಗೂ ಇಲಾಖೆಗಳ ಕಾರ್ಯಾಗಾರಗಳಿಗೂ ಹತಾರಗಳನ್ನು ಕೊಳ್ಳುವವರು ಅವರು. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗಾಗಿ ೧೯೯೯ರಲ್ಲಿ ನಮ್ಮ ರಾಜ್ಯವು ಮಾಡಿದ ಶಾಸನವು ಒಳ್ಳೆಯದೇ. ಆದರೆ ಕಡಮೆ ಬೆಲೆಯವನಿಗೆ ಕೊಡಲೇಬೇಕಾಯಿತೆಂದು ಕಾನೂನಿನ ಮೇಲೆ ಭಾರ ಹಾಕುವುದು ನ್ಯಾಯವಲ್ಲ. ಟೆಂಡರಿನಲ್ಲಿ 'ಉತ್ತಮ ಗುಣಮಟ್ಟದ ಗ್ರೈಂಡರು, ಹತ್ತು' ಎಂದಷ್ಟೇ ಬರೆದರೆ ಬರುವುದು ಅಗ್ಗದ ಹತ್ತೇ. ಮಾನಕದ ಸಂಖ್ಯೆ, ದುಡಿಮೆಯ ಶೇಕಡವಾರು, ಬಿಡಿಭಾಗಗಳು ಇಷ್ಟು ವರ್ಷ ಸಿಕ್ಕಬೇಕೆಂಬ ಷರತ್ತು, ಒಪ್ಪಿಸಿಕೊಳ್ಳುವ ಮುಂಚಿನ ಪರೀಕ್ಷೆಯ ವಿಧಾನ — ಇವನ್ನು ಬರೆಯಲು ಯಾವ ಶಾಸನವೂ ಅಡ್ಡಿಯಲ್ಲ. ತಾಂತ್ರಿಕ ಪರೀಕ್ಷೆಯಲ್ಲಿ ನಿಂತವರ ನಡುವೆ ಬೆಲೆ ನೋಡುವುದೇ ಕ್ರಮ. ಅಲ್ಲದೆ, ಸಾಮಾನು ಬಂದ ದಿನ ಉಗ್ರಾಣದ ಗುಮಾಸ್ತರು ಎಣಿಸಿ ರುಜು ಹಾಕಿದರೆ ಸಾಲದು. ಅದನ್ನು ಹಿಡಿಯತಕ್ಕ ಬೋಧಕನೋ ಕೆಲಸಗಾರನೋ ನಡೆಸಿ ನೋಡಿ ರುಜು ಹಾಕಬೇಕು. ಡೊಂಕು ಮಟ್ಟದಲ್ಲಿ ಕಸುಬು ಕಲಿತ ಹುಡುಗನು ಡೊಂಕನ್ನೇ ನೇರವೆಂದು ತಿಳಿದು ಹೊರಬೀಳುತ್ತಾನೆ.

ಸಣ್ಣ ಕೈಗಾರಿಕೆಗಳ ಸಂಘದವರು ಇನ್ನೊಂದು ಕೆಲಸವನ್ನು ಮಾಡಬಹುದು. ತಿಂಗಳಿಗೊಂದು ದಿನವನ್ನು ಗೊತ್ತುಮಾಡಿ, ಓಣಿಯವರು ತಮ್ಮ ತಮ್ಮ ಮಟ್ಟಗಳು, ಕ್ಯಾಲಿಪರುಗಳು, ಮೈಕ್ರೋಮೀಟರುಗಳನ್ನು ತಂದು ಒಂದು ನಂಬಿಕೆಯ ಅಳತೆಗೆ ಹೋಲಿಸಿಕೊಳ್ಳುವಂತೆ ಏರ್ಪಾಡು ಮಾಡಲಿ. ಆ ನಂಬಿಕೆಯ ಅಳತೆಯನ್ನು ವರ್ಷಕ್ಕೊಮ್ಮೆ ತುಮಕೂರು ರಸ್ತೆಯ ಸಂಸ್ಥೆಯಂಥ ಕಡೆ ಪರೀಕ್ಷೆ ಮಾಡಿಸಿದರೆ ಸಾಕು. ಒಬ್ಬನ ಕೈಯಿಂದಾಗದ ಖರ್ಚು ನೂರು ಜನಕ್ಕೆ ಹಂಚಿದರೆ ಕಾಫಿಯ ಖರ್ಚಿಗಿಂತ ಹೆಚ್ಚಾಗಲಾರದು.

ಕಡೆಯದಾಗಿ, ಗೇಟೋ ಮೆಟ್ಟಿಲೋ ಮಾಡಿಸುವ ನಾಗರಿಕರಾದ ನಮ್ಮ ವಾಚಕರು ತಾವು ಈ ಮಾತಿಗೆ ಹೊರಗಿನವರೆಂದು ಭಾವಿಸಬಾರದು. ಹತ್ತು ಕಡೆ ಬೆಲೆ ಕೇಳಿ, ಅತ್ಯಂತ ಕಡಮೆ ಹೇಳಿದವನಿಗೆ ಕೆಲಸವನ್ನು ಕೊಟ್ಟು ಬರುವಾಗ, ಆ ಕಡಮೆಯು ಎಲ್ಲಿಂದ ಬಂದಿತೆಂದು ಅವರು ಒಮ್ಮೆ ಆ ಕಾರ್ಖಾನೆಯ ಒಳಗೆ ಕಣ್ಣು ಹಾಯಿಸಲಿ. ಗ್ರೈಂಡರಿಗೆ ಕಾವಲು ಇದೆಯೇ? ಬೆಸೆಯುವ ಹುಡುಗನ ಮುಖದ ಮೇಲೆ ಸರಿಯಾದ ಗಾಜು ಇದೆಯೇ? ಇಲ್ಲದಿದ್ದರೆ, ತಾವು ಉಳಿಸಿದ ಆ ಹಣವನ್ನು ತೆರುತ್ತಿರುವವನು ಆ ಹುಡುಗನೇ ಎಂದು ತಿಳಿಯಲಿ. ನೆಲವನ್ನು ಮೊದಲು ನೇರ ಮಾಡಿಕೊಡೋಣ. ಆಮೇಲೆ ಕುಣಿತದ ಗುಣದೋಷಗಳನ್ನು ಎಣಿಸುವ ಅಧಿಕಾರ ನಮಗೆ ಬಂದೀತು.